ಮರಳಿ ಬಂದ ಲಕೋಟೆಗಳು

ಸೇತುವೆಯ ಮೂರನೇ ಟೋಲ್ ಬೂತಿನಲ್ಲಿ ಹತ್ತೊಂಬತ್ತು ವರ್ಷ ಕೂತು ಸುಂಕ ಈಸಿಕೊಂಡ ಹೆಂಗಸಿಗೆ ಜನ ಇಟ್ಟ ಹೆಸರು ಬೂತಕ್ಕ. ಮೊದಮೊದಲು ಆ ಹೆಸರು ಕಿವಿಗೆ ಬಿದ್ದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನೋ, ಉರಿಯುವುದಕ್ಕೆ ಇನ್ನಷ್ಟು ಎಣ್ಣೆ ಹೊಯ್ಯುವ ಪೈಕಿ. “ಬೇರೆಯವರನ್ನ ಭೂತ ಎರಡು ದಿನ ಹಿಡ್ಕೊಂಡು ಬಿಟ್ಟುಬಿಡುತ್ತೆ. ನನ್ನನ್ನ ಹಿಡಿದಿರೋದು ಬಿಡೋ ಜಾತಿದಲ್ಲ” ಎಂದು ನಗುತ್ತಿದ್ದ. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವನು ಅವನು. ಕಲ್ಲು ಹೊಳೆಯಿತು, ಶ್ವಾಸಕೋಶ ಕಲ್ಲಾಯಿತು.

ಬೂತು ಎಂದರೆ ಎಷ್ಟು ದೊಡ್ಡದು? ಒಬ್ಬರು ಕೂತು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. ಒಂದು ಸ್ಟೂಲು, ತಲೆಯ ಮೇಲೆ ಗೊರಗೊರ ಎನ್ನುವ ಪುಟ್ಟ ಫ್ಯಾನು, ಸರಿಯುವ ಕಿಟಕಿ, ಚಿಲ್ಲರೆಗೆ ನಾಲ್ಕು ಗುಳಿಯ ತಟ್ಟೆ. ಕಿಟಕಿಯಿಂದ ಆಚೆ ಚಾಚುತ್ತಿದ್ದ ಬಲಗೈ ಮೊಣಕೈವರೆಗೆ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಸಂಜೆ ಮನೆಗೆ ಬಂದು ಮೂಗು ತೊಳೆದರೆ ನೀರು ಮಸಿಯಂತೆ ಇಳಿಯುತ್ತಿತ್ತು. ಆದರೂ ಅವಳಿಗೆ ಆ ಕೆಲಸ ಇಷ್ಟ. ಮುಖ ನೋಡಿ ಚಿಲ್ಲರೆ ಎಣಿಸಿ ಇಡುವಷ್ಟು ಜನರ ಪರಿಚಯ. ಯಾರಿಗಾದರೂ ನಾಲ್ಕು ಕಾಸು ಕಡಿಮೆ ಬಿದ್ದರೆ ತನ್ನ ಪರ್ಸಿನಿಂದ ಹಾಕಿ, “ಹೋಗಿ, ನಾಳೆ ಕೊಡಿ” ಎನ್ನುತ್ತಿದ್ದಳು. ಅದನ್ನು ತಿರುಗಿ ಕೊಡದೆ ಹೋದವರು ಬೆರಳೆಣಿಕೆಯಷ್ಟು ಮಾತ್ರ.

ದಿನಾ ಬೆಳಗ್ಗೆ ಐದೂವರೆಗೆ ಅವಳ ಕಿಟಕಿಗೆ ಬರುತ್ತಿದ್ದ ಮೊದಲ ಗಾಡಿ ಬನ್ ಮಾಮನದು. ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ ಬಿಳಿ ವ್ಯಾನು, ಎಡಗಡೆ ಬಂಪರು ತಗ್ಗಾಗಿತ್ತು. ಆತ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು. ಮಾಲೀಕ ಹೊರಗೆ ಸರಬರಾಜು ಮಾಡುವುದು ನಿಲ್ಲಿಸಿದಾಗ ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಆ ವ್ಯಾನು ಕೊಂಡು, ನದಿಯಾಚೆಯ ಒಂದು ಶಾಲೆ, ಒಂದು ಆಸ್ಪತ್ರೆಯ ಕ್ಯಾಂಟೀನು, ಹತ್ತಾರು ಅಂಗಡಿಗಳಿಗೆ ಬ್ರೆಡ್ಡು, ಬನ್ನು ಹಾಕಿ ಬರುತ್ತಿದ್ದ. ಬನ್ ಮಾಮ ಎಂದು ಕರೆದದ್ದು ಆ ಶಾಲೆಯ ಮಕ್ಕಳು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ದೂರದೂರಿನಲ್ಲಿ ಸಂಸಾರ ಹೂಡಿದ್ದಳು. ಸುಂಕದ ಹಣವನ್ನು ಸರಿಯಾಗಿ ಎಣಿಸಿ ಅಂಗೈಯಲ್ಲಿ ಹಿಡಿದೇ ಬರುತ್ತಿದ್ದ, ನಾಣ್ಯಗಳು ಬೆಚ್ಚಗಿರುತ್ತಿದ್ದವು. ವಾರಕ್ಕೊಮ್ಮೆ ಕಾಗದದಲ್ಲಿ ಸುತ್ತಿದ ಒಂದು ಬನ್ನು.

“ಇದೆಲ್ಲ ಬೇಡ, ನನಗೆ ಕೆಟ್ಟ ಹೆಸರು ಬರುತ್ತೆ” ಎಂದರೆ, “ಲಂಚ ಅಲ್ಲ ಅಕ್ಕಾವ್ರೇ, ಬಿಸಿ ಇದೆ ಅಂತ ಕೊಟ್ಟೆ. ಆರಿದ್ರೆ ನೀವು ಕೇಳಿದ್ರೂ ಕೊಡ್ತಿರಲಿಲ್ಲ” ಎನ್ನುತ್ತಿದ್ದ.

ಎಲ್ಲರೂ ಬನ್ ಮಾಮನಂತಿರಲಿಲ್ಲ. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಗೇಟು ದಾಟುವವರು, ಕೈ ಬೀಸಿ ನಕ್ಕು ಹೋಗುವವರು ವರ್ಷದಿಂದ ವರ್ಷಕ್ಕೆ ಹೆಚ್ಚಾದರು. ಒಂದು ಮಧ್ಯಾಹ್ನ ದೊಡ್ಡದೊಂದು ಕಪ್ಪು ಕಾರು ಗೇಟಿನ ಅಡ್ಡಗೋಲನ್ನೇ ಮುರಿದುಕೊಂಡು ನುಗ್ಗಿತು. ಮುರಿದ ತುಂಡು ಚಿಮ್ಮಿ ಬೂತಕ್ಕನ ಮಣಿಕಟ್ಟಿಗೆ ಬಡಿಯಿತು. ಎರಡು ಮೂಳೆ, ಆರು ವಾರ ಪ್ಲಾಸ್ಟರ್. ಕಾರಿನ ನಂಬರು ಸಿಕ್ಕಿತು, ಮಾಲೀಕನೂ ಸಿಕ್ಕ. ಹಳೆಯ ಕಾಯ್ದೆಯಲ್ಲಿದ್ದ ದಂಡ ಮಾತ್ರ ಅವನ ಒಂದು ಹೊತ್ತಿನ ಊಟದ ಬೆಲೆಗೂ ಸಮವಿರಲಿಲ್ಲ. ಅದನ್ನೂ ಅವನು ಕಟ್ಟಲಿಲ್ಲ.

ಹಾಗಾಗಿ ಸರ್ಕಾರ ಬಾಕಿ ಸುಂಕದ ವಸೂಲಿಗೆ ಹೊಸ ಕಾಯ್ದೆ ತರಲು ಹೊರಟು, ಸದನದ ಸಮಿತಿ ಬೂತಿನ ನೌಕರರ ಅಭಿಪ್ರಾಯ ಕೇಳಿದಾಗ, ಎಲ್ಲರೂ ಬೂತಕ್ಕನನ್ನೇ ಮುಂದೆ ತಳ್ಳಿದರು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಉದ್ದ ಮೇಜಿನ ತುದಿಯಲ್ಲಿ ಕೂತು, ಮೈಕಿಗೆ ಬಾಯಿ ತೀರ ಹತ್ತಿರ ತಂದು ಅವಳು ಹೇಳಿದಳು: “ಕೊಡೋರು ದಿನಾ ಕೊಡ್ತಾನೇ ಇದ್ದಾರೆ. ಕೊಡದೇ ಇರೋರು ನಕ್ಕೊಂಡು ಹೋಗ್ತಾರೆ. ಆ ನಗು ನಿಲ್ಲೋ ಹಾಗೆ ಏನಾದ್ರೂ ಮಾಡಿ ಸ್ವಾಮಿ.” ಮರುದಿನ ಆ ಮಾತು ಪತ್ರಿಕೆಯಲ್ಲಿ ಬಂತು. ಗಂಡ ಅದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ.

ಕಾಯ್ದೆ ಪಾಸಾಯಿತು. ಒಂದು ಭಾನುವಾರ ಕ್ರೇನು ಬಂದು ಬೂತುಗಳನ್ನು ಬುಡಸಮೇತ ಕಿತ್ತು ಲಾರಿಗೆ ಹಾಕಿಕೊಂಡು ಹೋಯಿತು. ರಸ್ತೆಯ ಮೇಲೆ ಕಬ್ಬಿಣದ ಚೌಕಟ್ಟು, ಅದರಲ್ಲಿ ಸಾಲಾಗಿ ಕ್ಯಾಮೆರಾ. ಖಾತೆ ತೆರೆದವರಿಗೆ ಸುಂಕ ತಾನಾಗಿಯೇ ಕಡಿತ. ತೆರೆಯದವರ ನಂಬರ್ ಪ್ಲೇಟಿನ ಫೋಟೋ ತೆಗೆದು, ಗಾಡಿಯ ನೋಂದಣಿಯಲ್ಲಿರುವ ವಿಳಾಸಕ್ಕೆ ಬಿಲ್ಲು. ಒಂದು ತಿಂಗಳಲ್ಲಿ ಕಟ್ಟದಿದ್ದರೆ ಪ್ರತಿ ಸಲ ದಾಟಿದ್ದಕ್ಕೂ ಐದು ಪಟ್ಟು ಶುಲ್ಕ, ಎರಡು ತಿಂಗಳಾದರೆ ಇಪ್ಪತ್ತು ಪಟ್ಟು ದಂಡ, ಆಮೇಲೆ ಗಾಡಿಯ ನೋಂದಣಿಗೆ ತಡೆ, ಕೊನೆಗೆ ಜಪ್ತಿ. ನೋಟೀಸು ಕೈ ಸೇರಲಿಲ್ಲ ಎಂಬ ನೆವ ನಡೆಯಬಾರದೆಂದು ಇನ್ನೊಂದು ಸಾಲನ್ನೂ ಸೇರಿಸಿದ್ದರು: ವಿಳಾಸಕ್ಕೆ ಕಳಿಸಿದರೆ ಸಾಕು, ತಲುಪಿದಂತೆಯೇ ಲೆಕ್ಕ.

ಮೂವತ್ತು ಜನ ಬೂತಿನವರಲ್ಲಿ ಇಪ್ಪತ್ತೆರಡು ಮಂದಿಯನ್ನು ಮನೆಗೆ ಕಳಿಸಿದರು. ಬೂತಕ್ಕನನ್ನೂ ಸೇರಿಸಿ ಎಂಟು ಜನರನ್ನು ವಸೂಲಿ ಕಚೇರಿಗೆ ತೆಗೆದುಕೊಂಡರು, ಅದೂ ಒಂದು ವರ್ಷ ಕೆಲಸ ನೋಡಿ ಆಮೇಲೆ ಖಾಯಂ ಮಾಡುವ ಪರೀಕ್ಷೆಯ ಮೇಲೆ. ಕೆಲಸದ ಜೊತೆ ಆರೋಗ್ಯ ಕಾರ್ಡೂ ಬಂತು. ಗಂಡನ ಔಷಧಿ, ವರ್ಷಕ್ಕೆರಡು ಸಲ ಆಸ್ಪತ್ರೆ, ಎಲ್ಲ ಆ ಕಾರ್ಡಿನಲ್ಲೇ ನಡೆಯಬೇಕು.

ಕಚೇರಿ ಹಳೆಯ ಗೋದಾಮೊಂದರ ಎರಡನೇ ಮಹಡಿಯಲ್ಲಿತ್ತು. ಬೂತಕ್ಕನ ಕೆಲಸ, ವಿಳಾಸದಾರರು ಸಿಗದೆ ಅಂಚೆಯಲ್ಲಿ ವಾಪಸಾದ ಲಕೋಟೆಗಳನ್ನು ಪ್ಲಾಸ್ಟಿಕ್ ಟಬ್ಬಿನಿಂದ ತೆಗೆದು, ನಂಬರು ದಾಖಲಿಸಿ, ‘ಮರಳಿ ಬಂದಿದೆ’ ಎಂಬ ಸೀಲು ಹೊಡೆದು ಕಡತಕ್ಕೆ ಸೇರಿಸುವುದು. ಎರಡನೇ ತಿಂಗಳಲ್ಲಿ ಒಂದು ಲಕೋಟೆ ತೆಗೆದವಳು ಸೀಲನ್ನು ಎತ್ತಿದ ಕೈಯಲ್ಲೇ ನಿಂತುಬಿಟ್ಟಳು. ಆ ನಂಬರು ಅವಳಿಗೆ ತನ್ನ ಹುಟ್ಟಿದ ದಿನದಷ್ಟೇ ಬಾಯಿಪಾಠ. ಕಡತದ ಫೋಟೋದಲ್ಲಿ ಎಡಗಡೆ ತಗ್ಗಾದ ಬಂಪರು. ವಿಳಾಸ ಮಾತ್ರ ಬನ್ ಮಾಮ ಮೊದಲಿದ್ದ ಬಾಡಿಗೆ ಮನೆಯದು. ಆ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವಿ ನಾಲ್ಕು ವರ್ಷವಾಗಿತ್ತು. ಈಗ ಆತ ಬೇಕರಿಯ ಹಿಂದಿನ ಕೋಣೆಯಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು.

ಇವತ್ತೇ ಹೋಗಿ ಹೇಳಿಬಿಡಬೇಕು ಅಂದುಕೊಂಡಳು. ಆದರೆ ಅದೇ ವಾರ ಕಚೇರಿಯಲ್ಲಿ ಇಬ್ಬರು, ಬಿಲ್ಲು ಅಳಿಸುತ್ತೇವೆಂದು ಗಾಡಿ ಮಾಲೀಕರಿಂದ ದುಡ್ಡು ತಿಂದು ಸಿಕ್ಕಿಬಿದ್ದಿದ್ದರು. ಗೋಡೆಗೆ ಸುತ್ತೋಲೆ ಅಂಟಿಸಿದ್ದರು: ನೌಕರರು ಯಾವ ಕಾರಣಕ್ಕೂ ಬಾಕಿದಾರರನ್ನು ಖಾಸಗಿಯಾಗಿ ಸಂಪರ್ಕಿಸಕೂಡದು, ಸಂಪರ್ಕಿಸಿದರೆ ಕೆಲಸದಿಂದ ವಜಾ. ಸೂಪರ್‌ವೈಸರ್ ಪ್ರತಿಯೊಬ್ಬರಿಂದಲೂ ಅದಕ್ಕೆ ಸಹಿ ಮಾಡಿಸಿಕೊಂಡ. ಬೂತಕ್ಕನೂ ಮಾಡಿದಳು. ಹೊಸ ವಿಳಾಸವನ್ನು ಕಡತದಲ್ಲಿ ಬರೆಯೋಣವೆಂದರೂ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆಂಬ ಭಯ. ಯಾರಾದರೂ ಅವನಿಗೆ ಹೇಳಿರುತ್ತಾರೆ ಬಿಡು, ಊರೆಲ್ಲ ಸುತ್ತುವ ಮನುಷ್ಯ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಂದಿನ ವಾರ ಇನ್ನೊಂದು ಲಕೋಟೆ ಬಂತು. ಅದರ ಮುಂದಿನ ವಾರ ಮತ್ತೊಂದು.

ನಾಲ್ಕನೇ ತಿಂಗಳ ಒಂದು ರಜೆಯ ದಿನ ತಡೆಯಲಾರದೆ ಬೇಕರಿಯ ಹಿತ್ತಿಲಿಗೆ ಹೋದಳು. ಬನ್ ಮಾಮ ವ್ಯಾನಿನ ಹಿಂಬಾಗಿಲು ತೆರೆದು ಟ್ರೇ ಒರೆಸುತ್ತಿದ್ದ.

“ಓಹೋ, ಅಕ್ಕಾವ್ರು! ಬೂತಿನ ಜೊತೆ ನಿಮ್ಮ ಮುಖಾನೂ ಕಿತ್ಕೊಂಡು ಹೋದ್ರು ಅಂದ್ಕೊಂಡಿದ್ದೆ” ಎಂದು ಮುಖವರಳಿಸಿದ. “ಅಂತೂ ಸೇತುವೆ ಕಟ್ಟಿದ ಸಾಲ ತೀರಿತು ನೋಡಿ. ಗೇಟು ತೆಗೆದ್ರು, ಸುಂಕಾನೂ ತೆಗೆದ್ರು. ಆ ದುಡ್ಡು ನಾನ್ಯಾಕೆ ನುಂಗ್ಲಿ ಅಂತ ಶಾಲೆ ಮಕ್ಕಳ ಬನ್ನಿನ ಬೆಲೆ ಇಳಿಸಿದೀನಿ.”

ಅವಳ ಬಾಯಿ ತೆರೆಯಿತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತಾನಲ್ಲ. ನಾಳೆ ದುಡ್ಡು ಕಟ್ಟಲು ಕಚೇರಿಗೆ ಬಂದವನು ‘ಅಕ್ಕಾವ್ರೇ ಹೇಳಿದ್ದು’ ಎಂದು ಎಲ್ಲರೆದುರು ಖುಷಿಯಿಂದ ಹೇಳಿಬಿಡುತ್ತಾನಲ್ಲ. ಸುಳ್ಳು ಹೇಳೋದು ಗೊತ್ತಿಲ್ಲದ ಮನುಷ್ಯ.

“ಹೌದಾ?” ಎಂದಳು. ಅಷ್ಟೇ.

“ಹೌದು ಮತ್ತೆ! ತಗೊಳ್ಳಿ, ಬಿಸಿ ಇದೆ” ಎಂದು ಆತ ಒಂದು ಬನ್ನು ಕೈಗಿಟ್ಟ. ಅವಳು ಅದನ್ನು ತೆಗೆದುಕೊಂಡೇ ಬಂದಳು. ಮನೆಗೆ ಬಂದು ಗಂಡನಿಗೆ ಕೊಟ್ಟಳು, ತಾನು ತಿನ್ನಲಿಲ್ಲ.

ಎಂಟನೇ ತಿಂಗಳಲ್ಲಿ ಸೇತುವೆಯ ಆ ತುದಿಯಲ್ಲಿ ತಪಾಸಣೆಯವರು ವ್ಯಾನನ್ನು ನಿಲ್ಲಿಸಿದರು. ಸುಂಕ ಇಷ್ಟು, ಶುಲ್ಕ ಇಷ್ಟು, ದಂಡ ಇಷ್ಟು ಎಂದು ಉದ್ದದ ಚೀಟಿ ಕೈಗೆ ಕೊಟ್ಟು ಕೀಲಿ ಕಸಿದುಕೊಂಡರು. ಒಳಗೆ ಬ್ರೆಡ್ಡು ತುಂಬಿತ್ತು. ಬನ್ ಮಾಮ ಜಗಳಕ್ಕೆ ನಿಲ್ಲಲಿಲ್ಲವಂತೆ. “ಏನೋ ತಪ್ಪಾಗಿದೆ, ಆಮೇಲೆ ನೋಡೋಣ. ಮಕ್ಕಳ ಟ್ರೇ ಒಂದು ಕೊಡಿ” ಎಂದು ಕೇಳಿ ಇಳಿಸಿಕೊಂಡು, ಹೆಗಲ ಮೇಲೆ ಹೊತ್ತು ಶಾಲೆಯವರೆಗೆ ನಡೆದೇ ಹೋದನಂತೆ. ತಪಾಸಣೆಯವನೊಬ್ಬ ಕಚೇರಿಗೆ ಬಂದು ಇದನ್ನು ತಮಾಷೆಯ ಕಥೆಯಂತೆ ಹೇಳಿದ. ಬೂತಕ್ಕ ಸೀಲು ಹೊಡೆಯುತ್ತಲೇ ಕೇಳಿದಳು.

ವಿಚಾರಣೆಗೆ ದಿನ ಗೊತ್ತಾಯಿತು. ಆ ದಿನ ಕಡತ ಓದಿ ಹೇಳುವ ಗುಮಾಸ್ತೆಯ ಪಾಳಿ ಬೂತಕ್ಕನದೇ. ರಜೆ ಹಾಕೋಣವೆಂದರೆ ಪರೀಕ್ಷೆಯ ವರ್ಷದಲ್ಲಿ ರಜೆ ಇಲ್ಲ. ಬನ್ ಮಾಮ ಮೈಗೆ ದೊಡ್ಡದಾದ ಕೋಟು ಹಾಕಿಕೊಂಡು ಒಳಗೆ ಬಂದ. ಇವಳನ್ನು ಕಂಡದ್ದೇ ಜೀವ ಬಂದವನಂತೆ, “ನೋಡಿ, ಅಕ್ಕಾವ್ರೇ ಇದ್ದಾರೆ! ಕೇಳಿ ಸಾರ್ ಇವರನ್ನ, ಒಂದು ದಿನಾನಾದ್ರೂ ನಾನು ಸುಂಕ ತಪ್ಪಿಸಿದೀನಾ ಅಂತ” ಎಂದ.

ವಿಚಾರಣಾಧಿಕಾರಿ ಕೆಟ್ಟವನಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದ: “ಮನೆ ಬದಲಾಯಿಸಿದ್ದನ್ನ ನೋಂದಣಿ ಕಚೇರಿಗೆ ಯಾಕೆ ತಿಳಿಸಲಿಲ್ಲ?”

“ಮನೆ ಕೆಡವಿದ್ದು ನಿಮ್ಮ ರಸ್ತೆಯೋರೇ ಅಲ್ವಾ ಸಾರ್? ಕೆಡವಿದೋರಿಗೇ ಗೊತ್ತಿರುತ್ತೆ ಅಂದ್ಕೊಂಡೆ.”

ಯಾರೋ ಹಿಂದೆ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ಕಾಯ್ದೆಯ ಪುಸ್ತಕ ತಿರುವಿ, ಮೊದಲ ಸಲದ ತಪ್ಪಾದ್ದರಿಂದ ದಂಡದಲ್ಲಿ ಅರ್ಧ ಬಿಡಬಹುದು ಎಂದ. ಇನ್ನೂ ಸ್ವಲ್ಪ ತಿರುವಿ, ಮರಳಿ ಬಂದ ನೋಟೀಸಿನ ವಿಷಯದಲ್ಲಿ, ಮಾಲೀಕರ ಸರಿಯಾದ ವಿಳಾಸ ಕಚೇರಿಯ ಯಾರಿಗಾದರೂ ತಿಳಿದೂ ಅಲ್ಲಿಗೆ ಕಳಿಸದೆ ಹೋಗಿದ್ದರೆ, ಶುಲ್ಕ, ದಂಡ ಎಲ್ಲವನ್ನೂ ಪೂರ್ತಿ ಮನ್ನಾ ಮಾಡುವ ಅವಕಾಶವೂ ಇದೆ ಎಂದ. ಆಮೇಲೆ ಬೂತಕ್ಕನ ಕಡೆ ತಿರುಗಿ, ಪ್ರತಿ ಕಡತಕ್ಕೂ ಕೇಳುವಂತೆ ಕೇಳಿದ:

“ಬೇರೆ ವಿಳಾಸ ಕಚೇರಿಗೆ ತಿಳಿದಿತ್ತಾ?”

ಬನ್ ಮಾಮ ಅವಳನ್ನೇ ನೋಡುತ್ತಿದ್ದ, ತುಂಬು ನಂಬಿಕೆಯಿಂದ. ಅವಳ ಮುಂದಿದ್ದ ಕಡತದಲ್ಲಿ ಇಪ್ಪತ್ತಾರು ಲಕೋಟೆಗಳಿದ್ದವು, ಪ್ರತಿಯೊಂದರ ಮೇಲೂ ಅವಳೇ ಹೊಡೆದ ಸೀಲು.

“ದಾಖಲೆಯಲ್ಲಿ ಇಲ್ಲ ಸಾರ್” ಎಂದಳು.

ಅದು ಸುಳ್ಳಲ್ಲ. ದಾಖಲೆಯಲ್ಲಿ ನಿಜವಾಗಿಯೂ ಇರಲಿಲ್ಲ. ಆಮೇಲೆ ಎಷ್ಟೋ ದಿನ ಅವಳು ಈ ಮಾತನ್ನು ತನಗೆ ಹೇಳಿಕೊಂಡಳು. ಒಂದು ಸಲವೂ ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ.

ಅರ್ಧ ಬಿಟ್ಟರೂ ಉಳಿದದ್ದು ವ್ಯಾನಿನ ಬೆಲೆಗಿಂತ ಹೆಚ್ಚು. ಒಂದು ತಿಂಗಳ ಗಡುವು ಕೊಟ್ಟರು. ಅವಳು ಬಾಯಿ ಬಿಡಬೇಕೆಂದು ಮನಸ್ಸು ಮಾಡುವಷ್ಟರಲ್ಲಿ ಗಂಡನಿಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿಸಬೇಕಾಯಿತು. ಹದಿನೆಂಟು ದಿನ ಮೂಗಿಗೆ ನಳಿಕೆ. ಕೌಂಟರಿನಲ್ಲಿ ಪ್ರತಿದಿನ ಆ ಕಾರ್ಡು ತೋರಿಸಿ ಔಷಧಿ ತಂದಳು. ಗಂಡ ಮನೆಗೆ ಬಂದ ವಾರವೇ ಗಡುವು ಮುಗಿದು, ವ್ಯಾನು ಹರಾಜಾಗಿಹೋಗಿತ್ತು. ಯಾರೋ ಗುಜರಿಯವನು ಕೊಂಡನಂತೆ.

ಅವತ್ತು ಸಂಜೆ ಗಂಡನಿಗೆ ಗಂಜಿ ಕುಡಿಸುತ್ತ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಅಂದ್ರೆ ನನ್ನ ಉಸಿರಿಗೆ ಅವನ ವ್ಯಾನು ಕೊಟ್ಟೆ.”

“ಹಾಗನ್ಬೇಡಿ ರೀ.”

“ಇನ್ನು ಹೇಗನ್ಲಿ? ಅವನ ಬನ್ನನ್ನ ನನಗೇ ತಿನ್ನಿಸಿದೆಯಲ್ಲೇ.” ಉಸಿರು ಸುಧಾರಿಸಿಕೊಂಡು ಮತ್ತೆ ಅಂದ: “ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಇದನ್ನೇ ಮಾಡ್ತಿದ್ದೆನೋ ಏನೋ. ಆದ್ರೂ ಹೋಗಿ ಹೇಳಿಬಿಡು. ಕಾರ್ಡು ಹೋದ್ರೆ ಹೋಗ್ಲಿ. ಇದನ್ನ ಎದೆ ಮೇಲೆ ಇಟ್ಕೊಂಡು ಬದುಕೋಕೆ ನನಗಂತೂ ಆಗಲ್ಲ, ಇರೋದೇ ಇಷ್ಟು ಎದೆ.”

ಮರುದಿನ ಮಧ್ಯಾಹ್ನ ಬೇಕರಿಯ ಹಿತ್ತಿಲಿಗೆ ಹೋದಳು. ಬನ್ ಮಾಮ ಐವತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ಹಿಟ್ಟು ನಾದಲು ನಿಂತಿದ್ದ. ನಲ್ಲಿಯ ಕೆಳಗೆ ಹಿಟ್ಟಿನ ಪಾತ್ರೆ ಉಜ್ಜುತ್ತಿದ್ದವನು ಅವಳನ್ನು ಕಂಡು ಕೂರಲು ಡಬ್ಬಿಯೊಂದನ್ನು ಸರಿಸಿದ. ಅವಳು ಕೂರಲಿಲ್ಲ.

“ನಿಮ್ಮ ನೋಟೀಸು ವಾಪಸ್ ಬರ್ತಿದ್ದಿದ್ದು ನನ್ನ ಟೇಬಲ್‌ಗೇ. ನಿಮಗೆ ಸಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು.”

ಆತ ನಲ್ಲಿ ನಿಲ್ಲಿಸಿದ. “ಯಾವಾಗಿಂದ?”

“ಎರಡನೇ ತಿಂಗಳಿಂದ.”

ಆತ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ. “ಎರಡನೇ ತಿಂಗಳಲ್ಲಾಗಿದ್ರೆ ಒಂದು ವಾರದ ದುಡಿಮೆ. ಕಟ್ಟಿಬಿಡ್ತಿದ್ದೆ.”

“ಹೌದು.”

“ಆಮೇಲೂ ಒಂದ್ಸಲ ಬಂದಿದ್ರಿ. ಇಲ್ಲೇ ನಿಂತಿದ್ರಿ.”

“ಹೌದು.”

ಗಂಡನ ಕಾಯಿಲೆ, ಸುತ್ತೋಲೆ, ಕಾರ್ಡು, ಎಲ್ಲವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಆತನ ಮುಖ ನೋಡಿದ ಮೇಲೆ ಒಂದನ್ನೂ ಹೇಳಲಾಗಲಿಲ್ಲ. ಆತ ಬೈದಿದ್ದರೆ ಹಗುರವಾಗುತ್ತಿತ್ತೇನೋ. ಬೈಯಲಿಲ್ಲ. ಪಾತ್ರೆಯನ್ನು ಬೋರಲು ಹಾಕಿ, “ಒಲೆ ಉರೀತಿದೆ, ನಾನು ಒಳಗೆ ಹೋಗ್ಬೇಕು” ಎಂದು ಹೋದ.

ಅಲ್ಲಿಂದ ನೇರ ಕಚೇರಿಗೆ ಬಂದು, ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ವಿಚಾರಣಾಧಿಕಾರಿಯ ಮುಂದಿಟ್ಟಳು. ಅವನು ಎರಡು ಸಲ ಓದಿದ.

“ಇದನ್ನ ನಾನು ತಗೊಂಡ್ರೆ ನಿಮ್ಮ ಕೆಲಸಕ್ಕೆ ಕುತ್ತು. ಅವರ ವ್ಯಾನು ಮಾತ್ರ ವಾಪಸ್ ಬರಲ್ಲ. ಯೋಚನೆ ಮಾಡಿದೀರಾ?”

“ತಗೊಳ್ಳಿ ಸಾರ್.”

ತನಿಖೆ ಐದು ತಿಂಗಳು ಎಳೆಯಿತು. ಬನ್ ಮಾಮನ ಮೇಲೆ ಇನ್ನೂ ಉಳಿದಿದ್ದ ಬಾಕಿ ರದ್ದಾಯಿತು. ಹರಾಜಿನ ಹಣ ಹಿಂತಿರುಗಿಸಲು ಕಾಯ್ದೆಯಲ್ಲಿ ದಾರಿ ಇರಲಿಲ್ಲ. ಬೂತಕ್ಕನನ್ನು ವಜಾ ಮಾಡಲಿಲ್ಲ; ಅವಳನ್ನು ಖಾಯಂ ಮಾಡದೆ, ಸಂಬಳ ಇಳಿಸಿ, ಕೆಳಗಿನ ಕಡತದ ಕೋಣೆಗೆ ಹಾಕಿದರು. ಕಾರ್ಡು ಹೋಯಿತು. ಔಷಧಿಯನ್ನು ಅಂಗಡಿಯಿಂದ ಅರ್ಧರ್ಧ ತಂದು ಗಂಡನನ್ನು ಇನ್ನೂ ಒಂದು ವರ್ಷ ಉಳಿಸಿಕೊಂಡಳು. ಆ ವರ್ಷದಲ್ಲೇ, ಬಿಡದೆ ಅರ್ಜಿಯ ಮೇಲೆ ಅರ್ಜಿ ಬರೆದು, ಸೇತುವೆಯ ಎರಡೂ ತುದಿಯಲ್ಲಿ ‘ಗೇಟಿಲ್ಲ, ಸುಂಕ ಇದೆ’ ಎಂದು ಆಳೆತ್ತರದ ಅಕ್ಷರಗಳ ಫಲಕ ಹಾಕಿಸಿದಳು. ಕಚೇರಿಯಲ್ಲಿ ಅದಕ್ಕೂ ನಕ್ಕರು.

ಅದಾಗಿ ಎರಡು ವರ್ಷದ ಮೇಲೆ ಒಂದು ದಿನ ಬಸ್ಸಿನಲ್ಲಿ ನಿಂತಿದ್ದಾಗ ಯಾರೋ ಸರಿದು ಜಾಗ ಮಾಡಿಕೊಟ್ಟರು. ನೋಡಿದರೆ ಬನ್ ಮಾಮ. ಕೂರದೆ ಇರಲಾಗಲಿಲ್ಲ. ಒಲೆಯ ಶಾಖಕ್ಕೆ ಆತನ ಹುಬ್ಬಿನ ಕೂದಲು ಉದುರಿತ್ತು. ಮಂಡಿನೋವಿನ ಮಾತು ಬಂತು. ಬಸ್ಸು ಈಗೀಗ ತಡವಾಗಿ ಬರುವ ಮಾತು ಬಂತು. ಶಾಲೆಯವರು ಈಗ ಕಾರ್ಖಾನೆಯ ಪ್ಯಾಕೆಟ್ ಬ್ರೆಡ್ಡು ತರಿಸುತ್ತಾರಂತೆ.

“ಯಜಮಾನ್ರು ಹೇಗಿದ್ದಾರೆ?” ಎಂದು ಕೇಳಿದ.

“ಹೋದ ವರ್ಷ ತೀರಿಕೊಂಡರು.”

ಆತ ತಿರುಗಿ ಅವಳ ಮುಖ ನೋಡಿದ. “ಅಯ್ಯೋ. ನನಗ್ಯಾರೂ ಹೇಳಲೇ ಇಲ್ಲ.”

ಚುಚ್ಚಲೆಂದು ಆಡಿದ ಮಾತಾಗಿರಲಿಲ್ಲ ಅದು. ಹಾಗೆ ಚುಚ್ಚುವ ಮನುಷ್ಯನೂ ಆತನಲ್ಲ. ಎರಡು ನಿಲ್ದಾಣ ದಾಟಿದ ಮೇಲೆ ಆತ ಕಂಬಿ ಹಿಡಿದು ಎದ್ದ. ಹೋಗುವವರು ಯಾರೇ ಆಗಲಿ ‘ಬರ್ತೀನಿ’ ಎನ್ನುತ್ತಾರೆ. ಆತ ಹಾಗನ್ನಲಿಲ್ಲ.

“ನನ್ನ ಸ್ಟಾಪು ಬಂತು” ಎಂದು ಇಳಿದುಹೋದ.

ಬೂತಕ್ಕ ಕಿಟಕಿಯಿಂದ ನೋಡಿದಳು. ಆತ ರಸ್ತೆ ದಾಟಲು ನಿಂತಿದ್ದ. ಗಾಡಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ಯಾವುದೂ ನಿಲ್ಲುತ್ತಿರಲಿಲ್ಲ. ಆತ ದಾಟಿದನೋ ಇಲ್ಲವೋ ಕಾಣುವ ಮೊದಲೇ ಬಸ್ಸು ಹೊರಟಿತು.